ಹಬ್ಬಕ್ಕೆ ಮನೆ ಸಜ್ಜು ಮಾಡುವಾಗ ಹೃದಯವನ್ನೂ ಪಟ್ಟಿಗೆ ಸೇರಿಸಿ

*ಹೃದಯದ ಆರೋಗ್ಯ ಮಾಲಿಕೆ: ದೀಪಾವಳಿ ವಿಶೇಷ* 🪔



ದೀಪಾವಳಿ ಹತ್ತಿರ ಬಂತು. ಸಾತಪುರ, ಅಂಬಡ, ವಾಳೂಜ್, ಚಿಕಲಠಾಣಾ ಎಲ್ಲೆಡೆ ಕಾರ್ಖಾನೆ ಕೆಲಸಕ್ಕೆಂದು ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿ ಈಗ ಒಂದೇ ಗಡಿಬಿಡಿ. ಡಬ್ಬಿ ತೊಳೆಯುವುದು, ಜೇಡ ತೆಗೆಯುವುದು, ಚಕ್ಕುಲಿ ಹಿಟ್ಟು ಬೀಸಿಸುವುದು. ಕಲಬುರಗಿ ಕಡೆಯವರು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಮನಮಾಡದಲ್ಲಿ ಇಳಿಯುತ್ತಾರೆ. ವಿಜಯಪುರದವರು ಸೊಲ್ಲಾಪುರ, ಬೀಡ್ ಮೇಲೆ ಬಸ್ಸಿನಲ್ಲಿ ಬರುತ್ತಾರೆ. ಎರಡು ಕೋಣೆಯ ಮನೆಯಲ್ಲಿ ಹತ್ತು ಮಂದಿ. ಸಂತೋಷವೇ. ಊರು ಬಿಟ್ಟು ಬಂದವರಿಗೆ ಮನೆ ತುಂಬುವುದು ವರ್ಷಕ್ಕೆ ಒಂದೆರಡು ಸಲ ಮಾತ್ರ.

ಆದರೆ ಹೃದ್ರೋಗ ವೈದ್ಯರಿಗೆ ಹಬ್ಬದ ವಾರದಲ್ಲಿ ಪ್ರತಿ ವರ್ಷ ಕೇಳಿಬರುವ ಒಂದು ಮಾತಿದೆ: "ನಿನ್ನೆಯಿಂದಲೇ ಎದಿ ಹಿಡಿದಿತ್ರಿ ಡಾಕ್ಟ್ರೇ, ಮನ್ಯಾಗ ಮಂದಿ ಇದ್ರು, ಹಬ್ಬ ಮುಗೀಲಿ ಅಂತ ಸುಮ್ಮನಿದ್ದೆ." ಈ ಮಾತನ್ನು ಹೆಚ್ಚಾಗಿ ಹೇಳುವವರು ಬಂದ ಅತಿಥಿಗಳಲ್ಲ, ಮನೆಯ ಯಜಮಾನ ಅಥವಾ ಯಜಮಾನಿ. ಹಬ್ಬಕ್ಕೆ ಮನೆ ಸಜ್ಜು ಮಾಡುವುದೆಂದರೆ, ಯಾರೂ ಹೀಗೆ ನೋವು ನುಂಗಿ ಕೂರಬೇಕಾಗದಂತೆ ಮನೆಯನ್ನು ಸಜ್ಜು ಮಾಡುವುದೂ ಹೌದು. ಈ ಸಲದ ಲೇಖನದಲ್ಲಿ ಅದನ್ನೇ ನೋಡೋಣ.

*ಹಬ್ಬಕ್ಕೂ ಹೃದಯಕ್ಕೂ ಏನು ಸಂಬಂಧ?*

ಸ್ವೀಡನ್ ದೇಶದ ವೈದ್ಯರು 1998ರಿಂದ 2013ರವರೆಗಿನ ಸುಮಾರು 2 ಲಕ್ಷ 83 ಸಾವಿರ ಹೃದಯಾಘಾತಗಳ ದಾಖಲೆ ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದರು. ಅಲ್ಲಿ ಮನೆಮಂದಿಯೆಲ್ಲ ಸೇರಿ ಊಟ ಮಾಡುವ ದಿನ ಕ್ರಿಸ್‌ಮಸ್ ಹಿಂದಿನ ದಿನ. ಆ ದಿನ ಹೃದಯಾಘಾತ ಬೇರೆ ದಿನಗಳಿಗಿಂತ ಶೇ. 37ರಷ್ಟು ಹೆಚ್ಚು, ಅದರಲ್ಲೂ ರಾತ್ರಿ 10 ಗಂಟೆ ಸುಮಾರಿಗೆ ಅತಿ ಹೆಚ್ಚು. 75 ದಾಟಿದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ, ಮೊದಲೇ ಹೃದಯದ ತೊಂದರೆ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. ದೇಶ ಬೇರೆ, ಹಬ್ಬ ಬೇರೆ. ಆದರೆ ನಿದ್ದೆಗೇಡು, ಓಡಾಟ, ಭಾರಿ ಊಟ, ತಪ್ಪಿದ ಮಾತ್ರೆ, ಚಳಿ ಎಲ್ಲ ಒಂದೇ.

ಕನ್ನಡಿಗರಿಗೆ ಇದನ್ನು ನೆನಪಿಸಲು ಸ್ವೀಡನ್‌ಗೆ ಹೋಗಬೇಕಿಲ್ಲ. 2021ರ ಅಕ್ಟೋಬರ್ 29ರಂದು, ದೀಪಾವಳಿಗೆ ಇನ್ನೊಂದು ವಾರ ಇರುವಾಗ, ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯದ ತೊಂದರೆಯಿಂದ ತೀರಿಕೊಂಡರು. ಹೃದ್ರೋಗ ಮುದುಕರದ್ದು ಮಾತ್ರ ಎಂಬ ನಂಬಿಕೆ ಅಂದೇ ಮುರಿಯಿತು. ಅವರ ಹೆಸರಿನಲ್ಲೇ ಕರ್ನಾಟಕ ಸರ್ಕಾರ ಹೃದಯ ಜ್ಯೋತಿ ಯೋಜನೆ ಶುರು ಮಾಡಿತು. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಬೇಕಾದರೆ ಅಲ್ಲೇ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಅದರ ಉದ್ದೇಶ. ಅಂದರೆ ಈ ಕಾಯಿಲೆಯಲ್ಲಿ ಎಲ್ಲವೂ ಸಮಯದ ಮೇಲೆ ನಿಂತಿದೆ.

*1. ಸ್ವಚ್ಛತೆ ಒಂದೇ ದಿನದಲ್ಲಿ ಬೇಡ*

ವರ್ಷವಿಡೀ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡಿದವರು ಒಂದು ಭಾನುವಾರ ಇಡೀ ಮನೆ ಎತ್ತಿ ಇಡುತ್ತಾರೆ. ಅಭ್ಯಾಸವಿಲ್ಲದ ದೇಹಕ್ಕೆ ಇದ್ದಕ್ಕಿದ್ದಂತೆ ಬೀಳುವ ಭಾರ ಹೃದಯಾಘಾತಕ್ಕೆ ಕಾರಣವಾಗಬಲ್ಲದು. ತುಂಬಿದ ಗ್ಯಾಸ್ ಸಿಲಿಂಡರ್‌ನಲ್ಲಿ ಅನಿಲವೇ 14.2 ಕಿಲೋ, ಕಬ್ಬಿಣ ಸೇರಿ ಸುಮಾರು 30 ಕಿಲೋ. ಉಸಿರು ಬಿಗಿಹಿಡಿದು ಅದನ್ನೋ ಕಪಾಟನ್ನೋ ಎತ್ತುವಾಗ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಕೈ ಮೇಲೆತ್ತಿ ಲಾಫ್ಟ್ ಒರೆಸುವುದೂ ನೋಡಲು ಹಗುರ, ಹೃದಯಕ್ಕೆ ಭಾರ.

ಕೆಲಸವನ್ನು ಎಂಟು-ಹತ್ತು ದಿನಕ್ಕೆ ಹಂಚಿ, ದಿನಕ್ಕೊಂದು ಕೋಣೆ. ಭಾರದ ಸಾಮಾನು ಇಬ್ಬರು ಹಿಡಿಯಿರಿ, ಎತ್ತುವಾಗ ಉಸಿರು ಬಿಡುತ್ತಿರಿ. ಹೃದಯದ ತೊಂದರೆ ಇದ್ದವರು, 60 ದಾಟಿದವರು ಸ್ಟೂಲ್ ಹತ್ತುವುದು ಬೇಡವೇ ಬೇಡ.

ಇನ್ನೊಂದು ಮುಖ್ಯ ಮಾತು. ಕಸ ಹೊಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ಬಿಗಿದು, ಕುಳಿತರೆ ಐದು ನಿಮಿಷದಲ್ಲಿ ಬಿಟ್ಟುಹೋಗುತ್ತದೆಯೇ? ಅದು ದಣಿವಲ್ಲ, ರಕ್ತನಾಳ ಕಿರಿದಾಗಿರುವ ಸೂಚನೆ ಇರಬಹುದು. ಹಬ್ಬದ ಕೆಲಸವೇ ನಿಮಗೆ ಮಾಡಿದ ಪರೀಕ್ಷೆ ಎಂದು ತಿಳಿಯಿರಿ. ಹಬ್ಬ ಮುಗಿದ ಮೇಲೆ ಅಲ್ಲ, ಹಬ್ಬಕ್ಕೆ ಮೊದಲು ತೋರಿಸಿ, ಇಸಿಜಿ ತೆಗೆಸಿ. ಬಿಗಿತ ಮೇಲಿಂದ ಮೇಲೆ ಬರುತ್ತಿದ್ದರೆ ಅಥವಾ ಕುಳಿತಾಗಲೇ ಬಂದರೆ ಅದೇ ದಿನ ಹೋಗಿ.

*2. ಬಚ್ಚಲುಮನೆ ಮತ್ತು ಗ್ಯಾಸ್ ಗೀಸರ್*

ಇದನ್ನು ದಯವಿಟ್ಟು ಎರಡು ಸಲ ಓದಿ. ನರಕ ಚತುರ್ದಶಿ ಬೆಳಗಿನ ಜಾವ ಎಲ್ಲರದ್ದೂ ಎಣ್ಣೆಸ್ನಾನ. ಹತ್ತು ಮಂದಿ ಒಬ್ಬರ ಹಿಂದೊಬ್ಬರು. ಚಳಿಯೆಂದು ಕಿಟಕಿ ಬಂದ್, ಬಚ್ಚಲೊಳಗೆ ಗ್ಯಾಸ್ ಗೀಸರ್ ಉರಿಯುತ್ತಲೇ ಇರುತ್ತದೆ. ಗಾಳಿಯಿಲ್ಲದ ಕೋಣೆಯಲ್ಲಿ ಅನಿಲ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಂತಿ, ಆಮೇಲೆ ಪ್ರಜ್ಞೆ ತಪ್ಪುವುದು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಹೀಗೆ ಆರೋಗ್ಯವಂತ ಹುಡುಗ-ಹುಡುಗಿಯರೂ ಸತ್ತಿದ್ದಾರೆ.

ಹೀಗೆ ಮಾಡಿ:
▪️ ಗ್ಯಾಸ್ ಗೀಸರ್ ಮತ್ತು ಅದರ ಸಿಲಿಂಡರ್ ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಇರಲಿ.
▪️ ಒಳಗೇ ಇದ್ದರೆ, ಬಕೆಟ್‌ನಲ್ಲಿ ನೀರು ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಒಳಗೆ ಹೋಗಿ. ಕಿಟಕಿ ತೆರೆದೇ ಇರಲಿ. ಒಬ್ಬೊಬ್ಬರ ನಡುವೆ ಬಾಗಿಲು ತೆರೆದು ಗಾಳಿ ಆಡಲು ಬಿಡಿ.
▪️ ವಯಸ್ಸಾದವರು ಚಿಲಕ ಹಾಕುವುದು ಬೇಡ. ಬಾಗಿಲು ಮುಂದೆ ಮಾಡಿಕೊಂಡರೆ ಸಾಕು.
▪️ ಯಾರಾದರೂ ಒಳಗೆ ಬಿದ್ದರೆ, ಬಾಗಿಲು-ಕಿಟಕಿ ತೆರೆದು, ಗ್ಯಾಸ್ ಬಂದ್ ಮಾಡಿ, ಅವರನ್ನು ಹೊರಗೆ ತಂದು 108ಕ್ಕೆ ಫೋನ್ ಮಾಡಿ.

ನಸುಕಿನ ಸ್ನಾನದ ಬಗ್ಗೆ ಇನ್ನೊಂದು ಮಾತು. ನಾಶಿಕ್ ಜಿಲ್ಲೆಯ ಚಳಿ ನಮಗೆಲ್ಲ ಗೊತ್ತು. ನಿಫಾಡ ಮಹಾರಾಷ್ಟ್ರದ ಅತಿ ಚಳಿಯ ಜಾಗಗಳಲ್ಲೊಂದು. ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ಬೆಳಗಿನ ಹೊತ್ತು ರಕ್ತದೊತ್ತಡ ತಾನಾಗಿಯೇ ಏರುತ್ತದೆ. ಹೃದಯಾಘಾತ ಬೆಳಗ್ಗೆ 6ರಿಂದ ಮಧ್ಯಾಹ್ನದೊಳಗೆ ಹೆಚ್ಚು. ಹೃದ್ರೋಗ ಇರುವ ಅಜ್ಜ-ಅಜ್ಜಿಗೆ ಸೂರ್ಯ ಬಂದ ಮೇಲೆ ಬೆಚ್ಚಗಿನ ನೀರಿನ ಸ್ನಾನ ಮಾಡಿಸಿ. ಹಣೆಗೆ ಎಣ್ಣೆ ಹಚ್ಚಿ ಆರತಿ ಮಾಡಿದರೆ ಶಾಸ್ತ್ರಕ್ಕೆ ಏನೂ ಕಡಿಮೆಯಾಗುವುದಿಲ್ಲ.

*3. ಬರುವವರಿಗೆ ಮೊದಲೇ ಒಂದು ಫೋನ್*

"ಏನು ತರಲಿ?" ಎಂದು ಅವರು ಕೇಳುತ್ತಾರೆ. "ನಿಮ್ಮ ಗುಳಿಗೆ ತರ್ರಿ" ಎಂದು ಹೇಳಿ. ಇರುವ ದಿನಗಳಿಗಿಂತ ಒಂದು ವಾರದ್ದು ಹೆಚ್ಚಿಗೆ, ಜೊತೆಗೆ ಡಾಕ್ಟರ ಚೀಟಿ, ಹಳೆಯ ಇಸಿಜಿಯ ಫೋಟೋ ಮೊಬೈಲ್‌ನಲ್ಲಿ. ಹಬ್ಬದ ದಿನ ಔಷಧಿ ಅಂಗಡಿ ಹುಡುಕುವುದು ಕಷ್ಟ.

ಮೂರು ತಪ್ಪು ಪದೇ ಪದೇ ನೋಡುತ್ತೇವೆ:

ಒಂದು: ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುಮಾಡುವ ಮಾತ್ರೆ ನಾಲ್ಕು ದಿನ ಬಿಡುವುದು. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಹೀಗೆ ಬಿಟ್ಟರೆ ಅದರೊಳಗೇ ಹೆಪ್ಪುಗಟ್ಟಬಹುದು.

ಎರಡು: ರೈಲಿನಲ್ಲಿ, ಬಸ್ಸಿನಲ್ಲಿ ಶೌಚಾಲಯದ ಫಜೀತಿ ಎಂದು ಮೂತ್ರದ ಮಾತ್ರೆ ಬಿಡುವುದು. ಹೃದಯ ದುರ್ಬಲ ಇದ್ದವರಿಗೆ ಎರಡೇ ದಿನದಲ್ಲಿ ಕಾಲು ಊದಿ, ರಾತ್ರಿ ದಮ್ಮು ಹತ್ತುತ್ತದೆ. ಪ್ರಯಾಣದ ದಿನ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಡಾಕ್ಟರನ್ನು ಕೇಳಿ, ಬಿಡಬೇಡಿ.

ಮೂರು: ಸಕ್ಕರೆ ಕಾಯಿಲೆಯವರು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು, ನೈವೇದ್ಯ ಆಗಲೆಂದು ಮಧ್ಯಾಹ್ನ 2ರವರೆಗೆ ಉಪವಾಸ ಕೂರುವುದು. ಸಕ್ಕರೆ ಕುಸಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು ಆಗುತ್ತದೆ. ಅವರ ಊಟ ಹೊತ್ತಿಗೆ ಸರಿಯಾಗಿ ಬಡಿಸಿ. ದೇವರು ಕಾಯುತ್ತಾನೆ, ಇನ್ಸುಲಿನ್ ಕಾಯುವುದಿಲ್ಲ.

ಆಯುಷ್ಮಾನ್ ಕಾರ್ಡ್ ಇದ್ದರೆ ಅದನ್ನೂ ತರಲು ಹೇಳಿ. ಅದು ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಗಳಲ್ಲೂ ನಡೆಯುತ್ತದೆ. 2024ರ ಅಕ್ಟೋಬರ್‌ನಿಂದ 70 ವರ್ಷ ದಾಟಿದ ಎಲ್ಲರಿಗೂ, ಆದಾಯ ನೋಡದೆ, ಈ ಕಾರ್ಡ್ ಸಿಗುತ್ತದೆ.

*4. ಮಲಗುವ ವ್ಯವಸ್ಥೆ*

ಮಕ್ಕಳು, ಯುವಕರು ನೆಲದ ಮೇಲೆ ಗಾದಿ ಹಾಸಿ ಮಲಗಲಿ. ಹೃದಯದ ತೊಂದರೆ ಇರುವವರಿಗೆ ಮಂಚ, ಎರಡು ದಿಂಬು, ಬಚ್ಚಲಿಗೆ ಹತ್ತಿರದ ಜಾಗ. ದಾರಿಯಲ್ಲಿ ಸಣ್ಣ ದೀಪ ಇರಲಿ, ಬ್ಯಾಗು-ಚಪ್ಪಲಿ ಬೇಡ. ಲಿಫ್ಟ್ ಇಲ್ಲದ ಮೂರನೇ ಮಹಡಿ ಮನೆಯಾದರೆ ಅವರನ್ನು ದಿನಕ್ಕೆ ನಾಲ್ಕು ಸಲ ಇಳಿಸಿ ಹತ್ತಿಸಬೇಡಿ. ರಾತ್ರಿ ಯಾರಾದರೂ ಮಲಗಲಾರದೆ ಎದ್ದು ಕುಳಿತು ಉಸಿರಾಡುತ್ತಿದ್ದರೆ "ಜಾಗ ಬದಲಾಗಿದೆ, ನಿದ್ದೆ ಬಂದಿಲ್ಲ" ಎಂದು ಬಿಡಬೇಡಿ. ಅದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಲಕ್ಷಣ ಇರಬಹುದು.

ಅತಿಥಿಗಳಿಗೆ ಊರು ತೋರಿಸುವ ಯೋಜನೆಯೂ ಇರುತ್ತದಲ್ಲ? ಭಾರಿ ಊಟದ ಮರುದಿನವೇ 65ರ ಮಾವನವರನ್ನು ದೌಲತಾಬಾದ್ ಕೋಟೆ ಹತ್ತಿಸಬೇಡಿ. ವೇರೂಳದ ಕೈಲಾಸವನ್ನು ಕೆಳಗಿನಿಂದಲೇ ನಿಧಾನವಾಗಿ ನೋಡಬಹುದು. ನಮ್ಮ ರಾಷ್ಟ್ರಕೂಟರು ಕಡೆಸಿದ್ದು, ಹೇಳಲು ಕಥೆಯೂ ಇದೆ. ವಣಿಯ ಸಪ್ತಶೃಂಗಿಗೆ ಫನಿಕ್ಯುಲರ್ ಟ್ರಾಲಿ ಇದೆ, ಹಿರಿಯರಿಗೆ ಅದನ್ನೇ ಬಳಸಿ.

*5. ಅಡಿಗೆಮನೆ*

ಫರಾಳ ಬೇಡ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ಕೇಳುವುದಿಲ್ಲ! ತೊಂದರೆ ಇರುವುದು ಒಂದು ಚಕ್ಕುಲಿಯಲ್ಲಿ ಅಲ್ಲ, ಎಂಟು ಮನೆಯ ತಾಟಿನಲ್ಲಿ. ಮರಾಠಿ ನೆರೆಯವರಿಂದ ಕರಂಜಿ, ಚಿವಡಾ, ನಮ್ಮಲ್ಲಿಂದ ಅವರಿಗೆ ಶೇಂಗಾ ಹೋಳಿಗೆ, ಕರ್ಚಿಕಾಯಿ. ಐದು ದಿನ ಬೆಳಗ್ಗೆ-ಸಂಜೆ ಅದೇ.

▪️ *ಉಪ್ಪು:* ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚೆಯ ಒಳಗೆ. ಚೂಡಾ, ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ ಸೇರಿದರೆ ಊಟಕ್ಕೆ ಮೊದಲೇ ಅದು ಮುಗಿದಿರುತ್ತದೆ. ಅಡಿಗೆ ಸೋಡಾದಲ್ಲೂ ಸೋಡಿಯಂ ಇದೆ, ಸೈಂಧವ ಲವಣದಲ್ಲೂ ಇದೆ. "ಲೋ ಸೋಡಿಯಂ" ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆಯವರು, ಕೆಲವು ಬಿಪಿ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಬಳಸಬಾರದು.

▪️ *ಎಣ್ಣೆ:* ಮೊದಲ ದಿನ ಕರಿದ ಎಣ್ಣೆಯಲ್ಲೇ ಐದನೇ ದಿನವೂ ಕರಿಯಬೇಡಿ. ಕಾಯಿಸಿದಷ್ಟೂ ಎಣ್ಣೆ ಕೆಡುತ್ತದೆ. ಇದಕ್ಕಾಗಿಯೇ ಆಹಾರ ಸುರಕ್ಷತಾ ಪ್ರಾಧಿಕಾರ ಹೋಟೆಲುಗಳಿಗೆ 2018ರ ಜುಲೈನಿಂದ ಮಿತಿ ಹಾಕಿದೆ. ಮನೆಯಲ್ಲಿ ಸಣ್ಣ ಬಾಣಲೆ, ಕಡಿಮೆ ಎಣ್ಣೆ. ಬಣ್ಣ ಕಪ್ಪಾದರೆ, ನೊರೆ ಬಂದರೆ, ಹೊಗೆ ಬೇಗ ಎದ್ದರೆ ಅದನ್ನು ಬಿಟ್ಟುಬಿಡಿ. ಡಾಲ್ಡಾ ಬೇಡ.

▪️ *ತಾಟು:* ದೊಡ್ಡ ಡಬ್ಬಿ ಮಧ್ಯೆ ಇಡಬೇಡಿ. ಸಣ್ಣ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ಹಾಕಿಕೊಡಿ. ಊಟಕ್ಕೆ ಜೋಳದ ರೊಟ್ಟಿ, ಹೆಸರುಕಾಳು, ಸೌತೆಕಾಯಿ ಕೋಸಂಬರಿ, ಉಪ್ಪು ಕಡಿಮೆ ಹಾಕಿದ ಮಜ್ಜಿಗೆ ಇರಲಿ. ಇವೂ ನಮ್ಮ ಹಬ್ಬದ ಅಡಿಗೆಯೇ.

▪️ *ಒತ್ತಾಯ:* "ಇನ್ನೊಂದು ತಗೋರಿ, ನಮ್ಮ ಆಣಿ ಐತಿ" ಎನ್ನುವುದು ನಮ್ಮ ಕಡೆಯ ಪ್ರೀತಿ. ಬೇಡ ಎಂದವರಿಗೆ ಎರಡನೇ ಸಲ ಬಡಿಸದಿರುವುದೂ ಪ್ರೀತಿಯೇ.

▪️ *ವೈನ್:* ನಾಶಿಕ್‌ಗೆ ಬಂದ ಅಳಿಯಂದಿರು ದ್ರಾಕ್ಷಿ ತೋಟ ನೋಡಿ, "ವೈನ್ ಹೃದಯಕ್ಕೆ ಒಳ್ಳೇದು" ಎಂದು ಬಾಟಲಿ ತರುತ್ತಾರೆ. ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ರಜೆಯಲ್ಲಿ ಮಿತಿ ಮೀರಿ ಕುಡಿದವರಿಗೆ ಹೃದಯದ ಬಡಿತ ತಾಳ ತಪ್ಪುವುದಕ್ಕೆ ವೈದ್ಯರು 1978ರಲ್ಲೇ "ಹಾಲಿಡೇ ಹಾರ್ಟ್" ಎಂದು ಹೆಸರಿಟ್ಟಿದ್ದಾರೆ. ದ್ರಾಕ್ಷಿಯನ್ನು ಹಣ್ಣಾಗಿಯೇ ತಿನ್ನಿ.

*6. ಫ್ರಿಜ್ ಮೇಲೆ ಒಂದು ಚೀಟಿ*

ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ನೀವೇ ಕುಸಿದರೆ, ಮನೆಯಲ್ಲಿ ಇರುವವರು ಊರಿನಿಂದ ಬಂದ ಅತ್ತಿಗೆ, ಚಿಕ್ಕಮ್ಮ. ಅವರಿಗೆ ನಿಮ್ಮ ವಿಳಾಸ ಗೊತ್ತಿಲ್ಲ, ಮರಾಠಿ ಬರುವುದಿಲ್ಲ. ಆದ್ದರಿಂದ ಕನ್ನಡ ಅಕ್ಷರದಲ್ಲೇ ದೊಡ್ಡದಾಗಿ ಬರೆದು ಅಂಟಿಸಿ:

① ಆಂಬುಲೆನ್ಸ್ 108. ತುರ್ತು ಸಹಾಯ 112. ಈ ನಂಬರ್‌ಗಳು ಕರ್ನಾಟಕದಲ್ಲೂ ಇವೇ.
② ಫೋನ್‌ನಲ್ಲಿ ಓದಿ ಹೇಳಲು: "ಪೇಶಂಟ್‌ಚ್ಯಾ ಛಾತೀತ್ ದುಖ್ತಯ್. ಆಂಬ್ಯುಲನ್ಸ್ ಪಾಠವಾ. ಪತ್ತಾ..." ಇಷ್ಟು ಹೇಳಿ ವಿಳಾಸ ಓದಲಿ. ಮನೆ ನಂಬರ್, ಸೊಸೈಟಿ, ಹತ್ತಿರದ ಗುಡಿ ಅಥವಾ ಚೌಕದ ಹೆಸರು. ಸಿಡ್ಕೊ ಎಂದರೆ ಸಾಲದು; ಸೆಕ್ಟರ್ ನಂಬರ್ ಬೇಕು.
③ ಹಗಲು-ರಾತ್ರಿ ಆಂಜಿಯೋಪ್ಲಾಸ್ಟಿ ಮಾಡುವ ಹತ್ತಿರದ ಆಸ್ಪತ್ರೆಯ ಹೆಸರು, ಫೋನ್. ಹಬ್ಬದ ದಿನ ತೆರೆದಿರುತ್ತದೆಯೇ ಎಂದು ಮೊದಲೇ ಕೇಳಿಡಿ.
④ ವಾಹನ ಇರುವ ಒಬ್ಬ ನೆರೆಯವರ ನಂಬರ್. ಅವರಿಗೂ ಹೇಳಿಡಿ.
⑤ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ, ಯಾವ ಮಾತ್ರೆ.

*7. ಎದೆ ಹಿಡಿದರೆ*

ಎದೆಯ ಮಧ್ಯೆ ಕಲ್ಲು ಇಟ್ಟಂಥ ಭಾರ, ಬಿಗಿತ, ಉರಿ, ಎಡಗೈ, ದವಡೆ, ಬೆನ್ನಿಗೆ ಹರಿಯುವ ನೋವು, ತಣ್ಣನೆ ಬೆವರು, ಉಸಿರುಗಟ್ಟುವುದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವು ಕಡಿಮೆ ಇದ್ದು, ವಿಪರೀತ ಸುಸ್ತು, ವಾಕರಿಕೆ, ಹೊಟ್ಟೆ ಮೇಲ್ಭಾಗದ ಸಂಕಟ ಮಾತ್ರ ಇರಬಹುದು. ಹಬ್ಬದಲ್ಲಿ ಇದೆಲ್ಲಕ್ಕೂ ಒಂದೇ ಹೆಸರು: "ಗ್ಯಾಸ್". ಈನೋ ಕುಡಿದು, ಸೋಡಾ ಕುಡಿದು ಎರಡು ತಾಸು ಕಳೆಯುತ್ತೇವೆ. ಆ ಎರಡು ತಾಸಿನಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ, ಸತ್ತದ್ದು ಮತ್ತೆ ಹುಟ್ಟುವುದಿಲ್ಲ.

▪️ 5 ನಿಮಿಷದಲ್ಲಿ ಹೋಗದಿದ್ದರೆ 108. ಗ್ಯಾಸೋ ಹೃದಯವೋ ಎಂದು ಇಸಿಜಿ, ರಕ್ತಪರೀಕ್ಷೆ ನೋಡಿ ಆಸ್ಪತ್ರೆಯವರು ಹೇಳಲಿ.
▪️ ಕೂರಿಸಿ, ಬಟ್ಟೆ ಸಡಿಲಿಸಿ. ನಡೆಸಬೇಡಿ, ಮೆಟ್ಟಿಲು ಇಳಿಸಬೇಡಿ. ಅವರೇ ಗಾಡಿ ಓಡಿಸಿಕೊಂಡು ಹೋಗುವುದಂತೂ ಬೇಡ.
▪️ ಆಸ್ಪಿರಿನ್ 300 ಎಂ.ಜಿ. ಅಗಿದು ನುಂಗಲು ಕೊಡಬಹುದು. ಆದರೆ ಆಸ್ಪಿರಿನ್ ಅಲರ್ಜಿ, ಹೊಟ್ಟೆಯ ಹುಣ್ಣು, ರಕ್ತಸ್ರಾವ ಇದ್ದವರಿಗೆ ಬೇಡ. ಬಾಯಿ ಸೊಟ್ಟಗಾಗಿ ಕೈಕಾಲು ಸೋತಿದ್ದರೂ ಬೇಡ. ಸಂಶಯವಿದ್ದರೆ 108ರವರನ್ನೇ ಕೇಳಿ.
▪️ ನಾಲಿಗೆ ಕೆಳಗಿನ ಸಾರ್ಬಿಟ್ರೇಟ್ ಮಾತ್ರೆ, ಅದು ಯಾರಿಗೆ ಬರೆದುಕೊಟ್ಟಿದೆಯೋ ಅವರಿಗೆ ಮಾತ್ರ, ಅದೂ ಕುಳಿತುಕೊಂಡು. ಬಿಪಿ ಕುಸಿದವರಿಗೆ ಕೊಟ್ಟರೆ ಅಪಾಯ.
▪️ ಪ್ರಜ್ಞೆ ತಪ್ಪಿ, ಉಸಿರು ನಿಂತಿದ್ದರೆ ಅಥವಾ ಏದುಸಿರು ಮಾತ್ರ ಇದ್ದರೆ: ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ಮಧ್ಯೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ದಣಿದರೆ ಇನ್ನೊಬ್ಬರು ಮುಂದುವರಿಸಲಿ. ಮನೆಯಲ್ಲಿ ಹತ್ತು ಮಂದಿ ಇದ್ದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

"ಹೃದಯಾಘಾತವಾದರೆ ಜೋರಾಗಿ ಕೆಮ್ಮಿ" ಎಂಬ ಸಂದೇಶ ವರ್ಷಗಳಿಂದ ಓಡಾಡುತ್ತಿದೆ. ಅದನ್ನು ನಂಬಬೇಡಿ. ಕೆಮ್ಮುವ ಸಮಯದಲ್ಲಿ ಫೋನ್ ಮಾಡಿ.

*ಕೊನೆಯ ಮಾತು*

ಮನೆ ನಡೆಸುವ ತಾಯಂದಿರಿಗೆ, ಅಣ್ಣಂದಿರಿಗೆ ಒಂದು ವಿನಂತಿ. ನಿಮಗೆ ಎದೆ ಹಿಡಿದಾಗ ಒಲೆಯ ಮೇಲೆ ಎಣ್ಣೆ ಕಾದಿರಬಹುದು, ಹೊರಗೆ ಬೀಗರು ಕುಳಿತಿರಬಹುದು. ಒಲೆ ಆರಿಸಿ, ಗಟ್ಟಿಯಾಗಿ ಕೂಗಿ ಹೇಳಿ. ನಿಮ್ಮಿಂದ ಹಬ್ಬ ಕೆಡುತ್ತದೆ ಎಂದು ಬಂದವರು ಯಾರೂ ಅಂದುಕೊಳ್ಳುವುದಿಲ್ಲ. ಅವರು ಇಷ್ಟು ದೂರ ಬಂದದ್ದು ಕರ್ಚಿಕಾಯಿಗಲ್ಲ, ನಿಮ್ಮನ್ನು ನೋಡಲು.

ಈ ವಾರ ಒಂದು ಸಂಜೆ ಮನೆಮಂದಿಯೆಲ್ಲ ಕುಳಿತು ಇದನ್ನು ಗಟ್ಟಿಯಾಗಿ ಓದಿ, ಚೀಟಿ ಬರೆದು ಅಂಟಿಸಿ. ಊರಿನಿಂದ ಬರುವವರಿಗೂ ಈಗಲೇ ಕಳಿಸಿ, ಮಾತ್ರೆ ಮರೆಯದೆ ತರಲಿ.

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು. 🙏

— ನಿಮ್ಮ ಹೃದ್ರೋಗ ವೈದ್ಯ (ಎಂ.ಡಿ.)

_ಇದು ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಮಾತ್ರೆಗಳನ್ನು ನಿಮ್ಮ ವೈದ್ಯರನ್ನು ಕೇಳದೆ ಬದಲಿಸಬೇಡಿ._